ಅಚ್ಚು ಹಸಿಯಿತ್ತು

ಜೂನ್ 12

ಪ್ರೀತಿಯ ಇಕ್ಕಳ,

ಅಪ್ಪ ಇಟ್ಟ ಅಡ್ಡಹೆಸರನ್ನು ಈ ವಯಸ್ಸಿನಲ್ಲೂ ಬರೆಯುತ್ತಾನಲ್ಲ ಎಂದು ಮುಖ ಗಂಟು ಹಾಕಬೇಡ. ಹಿಡಿದದ್ದನ್ನು ಬಿಡದವಳಿಗೆ ಬೇರೆ ಹೆಸರು ಒಪ್ಪುವುದಿಲ್ಲ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಅದನ್ನು ಕಿವಿಗಿಟ್ಟರೆ ನನ್ನ ಬಾಯಿಂದ 'ಹ್ಞೂಂ' ಬಿಟ್ಟು ಬೇರೇನೂ ಹೊರಡುವುದಿಲ್ಲ, ನೀನು ರೇಗುತ್ತೀಯ. ಅದಕ್ಕೇ ಕಾಗದ.

ನಮ್ಮ ಎರಕದವರ ಸೋದರ ಸಂಘ ಬಾಗಿಲು ತೆರೆಯುತ್ತಿದೆ. ಹೌದು, ಅದೇ ಬಾಗಿಲು. ಮೂರು ಸಲ ತಟ್ಟಿ, ಗುಟ್ಟಿನ ಮಾತು ಹೇಳಿ, ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಒಳಗೆ ಹೋಗಬೇಕಿದ್ದ ಬಾಗಿಲು. ಆಗಸ್ಟ್ ಕೊನೆಯಿಂದ ಪ್ರತಿ ಭಾನುವಾರ ಯಾರು ಬೇಕಾದರೂ ಬರಬಹುದು. ಹೆಂಗಸರೂ ಬರಬಹುದು. ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತು, ಹೊಸಬರು ಯಾರೂ ಸೇರುತ್ತಿಲ್ಲ. ಉಳಿದವರು ಹನ್ನೊಂದು ಜನ, ಅದರಲ್ಲಿ ಮೂವರು ಹಾಸಿಗೆ ಹಿಡಿದಿದ್ದಾರೆ. ಹೊಸ ಕಾರ್ಯದರ್ಶಿ ಸಭೆಯಲ್ಲಿ ಹೇಳಿದ: "ಬಾಗಿಲು ತೆಗೀದಿದ್ರೆ ನಾವು ಒಳಗೇ ಕೊಳೀತೀವಿ. ಜನ ಬರಲಿ, ನೋಡಲಿ, ನಾವೇನೂ ಭೂತಗಳಲ್ಲ ಅಂತ ಗೊತ್ತಾಗಲಿ." ಅವನು ದೊಡ್ಡ ಮೇಸ್ತ್ರಿಯ ಮೊಮ್ಮಗ. ಅಜ್ಜನ ಹಾಗಲ್ಲ, ನಗುನಗುತ್ತಾ ಮಾತಾಡುತ್ತಾನೆ. ಬಂದವರಿಗೆ ಎಲ್ಲ ತೋರಿಸಿ ವಿವರಿಸುವ ಕೆಲಸವನ್ನು ನನಗೆ ವಹಿಸಿದ್ದಾನೆ.

ಈಗ ಕೈಗಳ ಗೋಡೆಯನ್ನು ಉಜ್ಜಿ ಎಣ್ಣೆ ಹಚ್ಚುತ್ತಿದ್ದೇವೆ. ಸಂಘ ಸೇರಿದ ದಿನ ಪ್ರತಿಯೊಬ್ಬನೂ ಬಲಗೈಯನ್ನು ಅಚ್ಚಿನ ಮರಳಿನಲ್ಲಿ ಒತ್ತುತ್ತಾನೆ, ಆ ಗುರುತಿಗೆ ಕರಗಿದ ಕಬ್ಬಿಣ ಹುಯ್ದು, ಆರಿದ ಮೇಲೆ ಗೋಡೆಗೆ ತೂಗುಹಾಕುತ್ತಾರೆ ಎಂದು ನಿನಗೆ ಚಿಕ್ಕಂದಿನಲ್ಲಿ ಕದ್ದು ಹೇಳಿದ್ದೆನಲ್ಲ, ಅದೇ ಗೋಡೆ. ಈಗ ನೀನೂ ನೋಡಬಹುದು. ಮಳೆಗಾಲ ಮುಗಿಯಲಿ, ಆಮೇಲೆ ಬಾ.

ಒಂದು ಎಚ್ಚರಿಕೆ. ಉತ್ತರವನ್ನು ನನ್ನ ಮನೆಯ ವಿಳಾಸಕ್ಕೇ ಬರೆ. ಸಂಘದ ವಿಳಾಸಕ್ಕೆ ಬಂದ ಕಾಗದ ಯಾರ ಹೆಸರಿಗಿದ್ದರೂ ಕಾರ್ಯದರ್ಶಿ ಅದನ್ನು ಒಡೆದು ಸಭೆಯಲ್ಲಿ ಗಟ್ಟಿಯಾಗಿ ಓದಬೇಕು, ಮೊದಲಿನಿಂದ ಕೊನೆಯವರೆಗೆ. ಸೋದರರ ನಡುವೆ ಗುಟ್ಟಿರಬಾರದು ಎಂಬ ಹಳೆಯ ನಿಯಮ; ಅದನ್ನು ಯಾರೂ ಇನ್ನೂ ತೆಗೆದಿಲ್ಲ. ನಿನ್ನ ಬೈಗುಳವನ್ನು ಎಲ್ಲರ ಮುಂದೆ ಕೂತು ಕೇಳುವ ಶಕ್ತಿ ನನಗಿಲ್ಲ.

ಸ್ವಲ್ಪ ಕೆಮ್ಮು. ಬೇರೇನಿಲ್ಲ.

ನಿನ್ನ ಅಣ್ಣ


ಜೂನ್ 25

ಅಣ್ಣ,

ಸೋದರರ ನಡುವೆ ಗುಟ್ಟಿಲ್ಲವಂತೆ. ಲೋಕಕ್ಕೆಲ್ಲ ಬೀಗ ಹಾಕಿ ಕೂತವರ ನಿಯಮ ಚೆನ್ನಾಗಿದೆ.

ಇಲ್ಲಿ ಆಸ್ಪತ್ರೆಯ ಬಟ್ಟೆ ತೊಳೆಯುವ ಕೋಣೆಯಲ್ಲಿ, ಊಟದ ಬಿಡುವಿನಲ್ಲಿ, ಇಸ್ತ್ರಿ ಮೇಜಿನ ಮೂಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ಕಾಗದದ ಮೇಲೆ ಅಲ್ಲಲ್ಲಿ ಶಾಯಿ ಹರಡಿದ್ದರೆ ಅದು ಸೋಪಿನ ನೀರು. ಅತ್ತಿದ್ದಾಳೆ ಎಂದುಕೊಂಡು ಕೊಬ್ಬಬೇಡ.

ಹೆಂಗಸರೂ ಬರಬಹುದು ಎಂದನಲ್ಲ ನಿನ್ನ ನಗುಮುಖದ ಕಾರ್ಯದರ್ಶಿ, ಅವನಿಗೆ ಹೇಳು, ಹೆಂಗಸರು ಯಾವಾಗಲೋ ಬಂದಿದ್ದರು. ನೀವು ಕೈಯೊತ್ತಿದ ಮರಳನ್ನು ಹೊಳೆದಂಡೆಯಲ್ಲಿ ಅಗೆದು, ಜರಡಿ ಹಿಡಿದು, ತಲೆಯ ಮೇಲೆ ಹೊತ್ತು ತಂದವರು ಯಾರು? ಹೊಸಿಲಿನ ಹೊರಗೆ ಸುರಿದು ಹಿಂದೆ ತಿರುಗಿ ನೋಡದೆ ಹೋಗಬೇಕಿತ್ತು. ಮರಳು ಒಳಗೆ, ಮರಳು ಹೊತ್ತವಳು ಹೊರಗೆ. ಇದಕ್ಕೆ ಸೋದರತ್ವ ಎಂದು ಹೆಸರಿಟ್ಟು ಕಣ್ಣಿಗೆ ಬಟ್ಟೆ ಕಟ್ಟಿಕೊಂಡಿರಿ. ಆ ಬಟ್ಟೆಯನ್ನು ಯಾವಾಗ ಬಿಚ್ಚಿದಿರಿ ಎಂಬುದು ನನಗಿನ್ನೂ ತಿಳಿದಿಲ್ಲ.

ನಾನು ಬರುತ್ತೇನೆ. ಯಾಕೆಂದು ನಿನಗೆ ಗೊತ್ತು. ಆದರೂ ಬರೆದೇಬಿಡುತ್ತೇನೆ, ಆ ವಿಷಯ ಎತ್ತುವುದಿಲ್ಲ ಎಂದು ಮಾತು ಕೊಟ್ಟು ಸಂಘ ಸೇರಿದವನು ನೀನು, ನಾಲಿಗೆಗೆ ತುಕ್ಕು ಹಿಡಿದಿರಬಹುದು. ಆ ದಿನ ಎರಕದ ಗುಂಡಿಯಲ್ಲಿ ಅಚ್ಚು ಒಣಗಿರಲಿಲ್ಲ. ಅಪ್ಪ ಮುಟ್ಟಿ ನೋಡಿ "ಇನ್ನೊಂದು ದಿನ ಬಿಡಿ" ಅಂದ. ದೊಡ್ಡ ಮೇಸ್ತ್ರಿ "ಹುಯ್ಯಿರಿ" ಅಂದ. ಕಾದ ಕಬ್ಬಿಣಕ್ಕೆ ತೇವ ತಾಗಿ ಗುಂಡಿ ಸಿಡಿಯಿತು. ಪಕ್ಕದಲ್ಲೇ ಮರಳು ಸುರಿಯುತ್ತಿದ್ದ ಕಿಲಕಿಲಕ್ಕ ಹೋದಳು, ಅವಳ ನಾದಿನಿ ಹೋದಳು. ಕಿಲಕಿಲಕ್ಕನ ನಗು ಬೀದಿಯ ಆ ತುದಿಗೆ ಕೇಳುತ್ತಿತ್ತು, ನಿನಗೂ ನೆನಪಿರಬೇಕು. ವಿಚಾರಣೆಗೆ ಬಂದ ಅಧಿಕಾರಿಯ ಮುಂದೆ ಸೋದರರೆಲ್ಲ ಒಂದೇ ರಾಗ ಹಾಡಿದರು: ಆ ಹೆಂಗಸರು ಬರಬಾರದ ಕಡೆ ಬಂದಿದ್ದರು. ಅಪ್ಪ ಒಬ್ಬನೇ ಎದ್ದು ನಿಂತ. "ಅಚ್ಚು ಹಸಿಯಿತ್ತು" ಅಂದ. ಅಷ್ಟೇ ಅಂದದ್ದು.

ಆವತ್ತಿನಿಂದ ನಮ್ಮ ಮನೆಯ ಮೆಟ್ಟಿಲು ಯಾರೂ ಹತ್ತಲಿಲ್ಲ. ಅಪ್ಪನಿಗೆ ಎಲ್ಲೂ ಕೆಲಸ ಸಿಗಲಿಲ್ಲ, ವರ್ಷ ತುಂಬುವುದರೊಳಗೆ ಎದೆ ಒಡೆದು ಸತ್ತ. ಅಮ್ಮ ನನ್ನನ್ನು ಕಟ್ಟಿಕೊಂಡು ಊರು ಬಿಟ್ಟಳು. ನೀನು ಉಳಿದೆ, ಅದೇ ಸಂಘದ ಮರಳಿಗೆ ಕೈಯೊತ್ತಿದೆ. ಅದನ್ನೀಗ ಕೆದಕುತ್ತಿಲ್ಲ. ಕೆದಕಿ ಕೆದಕಿ ನನ್ನ ಉಗುರೇ ಸವೆದಿದೆ.

ಆ ಗೋಡೆಯ ಮುಂದೆ ಒಂದು ಸಲ ನಿಲ್ಲಬೇಕು. ನಾನು ಬೀಳುವ ಮೊದಲು, ಇಲ್ಲವೇ ಗೋಡೆ ಬೀಳುವ ಮೊದಲು. ಇಷ್ಟೇ ನನಗೆ ಬೇಕಾದದ್ದು.

ಕೆಮ್ಮಿಗೆ ಔಷಧಿ ತೆಗೆದುಕೋ. 'ಬೇರೇನಿಲ್ಲ' ಎಂದು ಬರೆಯುವವರನ್ನೆಲ್ಲ ಇಲ್ಲಿ ದಿನಾ ಸ್ಟ್ರೆಚರಿನಲ್ಲಿ ತರುತ್ತಾರೆ.

ಇಕ್ಕಳ


ಜುಲೈ 20

ಪ್ರೀತಿಯ ತಂಗಿ,

ಉತ್ತರ ತಡವಾಯಿತು. ಗೋಡೆಯ ಕೆಲಸ ಮುಗಿಯುತ್ತಲೇ ಇಲ್ಲ.

ನಿನಗೊಂದು ಸಂತೋಷದ ಸುದ್ದಿ ಇದೆ. ಅಪ್ಪನ ಕೈ ಗೋಡೆಯ ಮೇಲಿದೆ. ನೀನು ಚಿಕ್ಕವಳಿದ್ದಾಗ ಹಟ ಹಿಡಿದರೆ ಅಮ್ಮ "ಅಪ್ಪನ ಕೈ ಅಲ್ಲೇ ಇದೆ, ಅದನ್ನ ಯಾರೂ ಮುಟ್ಟಲ್ಲ, ಸುಮ್ನೆ ಮಲಕ್ಕೋ" ಎನ್ನುತ್ತಿದ್ದಳಲ್ಲ, ಅವಳ ಮಾತು ಸುಳ್ಳಲ್ಲ. ಎರಡನೆಯ ಸಾಲಿನಲ್ಲಿ, ಕಿಟಕಿಯ ಪಕ್ಕ. ಕಿರುಬೆರಳು ಕೊಂಚ ಹೊರಕ್ಕೆ ಬಾಗಿದೆ, ನನ್ನದೂ ಹಾಗೇ. ಹೆಬ್ಬೆರಳ ಬುಡ ದಪ್ಪ. ಕಬ್ಬಿಣ ಆರುವಾಗ ಕುಗ್ಗುತ್ತದೆ, ಆದ್ದರಿಂದ ಗೋಡೆಯ ಮೇಲಿರುವ ಕೈಗಳೆಲ್ಲ ನಿಜವಾದ ಕೈಗಿಂತ ಒಂದು ಎಳೆ ಚಿಕ್ಕವು. ನಿನ್ನ ಅಂಗೈ ಅದರ ಮೇಲೆ ಸರಿಯಾಗಿ ಕೂರಬಹುದು. ಇಟ್ಟು ನೋಡುವೆಯಂತೆ.

ಸಂಜೆ ಹೊತ್ತು ಸಂತೆಬೀದಿಯ ಹಿಂದಿನ ಶೆಡ್ಡಿಗೆ ಹೋಗಿ ಕೂರುತ್ತೇನೆ. ಸಂಘದ ಹಳೆಯ ಗೆಳೆಯನೊಬ್ಬ ಅಲ್ಲಿ ಚರಂಡಿಯ ಮುಚ್ಚಳ ಎರಕ ಹುಯ್ಯುತ್ತಾನೆ. ಈ ಮಳೆಗೆ ಮರಳು ಒಣಗುವುದೇ ಇಲ್ಲ; ಆಕಾಶಕ್ಕೆ ಬೈಯುತ್ತಾ ಕೆಲಸ ಮಾಡುತ್ತಾನೆ. ಬಿಸಿ ಮುಖಕ್ಕೆ ಹೊಡೆದರೆ ಹಿಂದಿನದೆಲ್ಲ ನೆನಪಾಗುತ್ತದೆ.

ಉದ್ಘಾಟನೆಗೆ ಮಾತ್ರ ಬರಬೇಡ, ನೂಕುನುಗ್ಗಲಿರುತ್ತದೆ. ಚಳಿಗಾಲಕ್ಕೆ ಬಾ, ಮೊದಲೇ ತಿಳಿಸು. ಬಸ್‌ಸ್ಟ್ಯಾಂಡಿಗೆ ನಾನೇ ಬರುತ್ತೇನೆ.

ಅಣ್ಣ


ಆಗಸ್ಟ್ 6

ಅಣ್ಣ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಒಂದು ಸಲ ಮಾತಿಗಾಗಿ, ಇನ್ನೊಂದು ಸಲ ಅಕ್ಷರಕ್ಕಾಗಿ. ಸಾಲುಗಳು ಬಲಕ್ಕೆ ಹೋಗುತ್ತಾ ಇಳಿಜಾರಿಗೆ ಬಿದ್ದಿವೆ, ಎರಡು ಕಡೆ ಒಂದರ ಬೆನ್ನ ಮೇಲೊಂದು ಹತ್ತಿ ಕೂತಿವೆ. ಸಂಜೆ ಹೊತ್ತು ಶೆಡ್ಡಿಗೆ ಹೋಗಿ 'ಕೂರುವುದು' ಎಂದರೆ ಏನು ಅಂತ ನನಗೆ ಹೇಳಿಕೊಡಬೇಡ. ನಮ್ಮ ಪಾಳಿಯ ಅರ್ಧ ಹೆಂಗಸರ ಗಂಡಂದಿರು ಹಾಗೇ ಕೂರಲು ಹೋಗಿ, ಎದ್ದು ಬರಲಾಗದವರು. ಕುಡಿತ ಬಿಡು. ಬುದ್ಧಿ ಹೇಳಿಸಿಕೊಳ್ಳುವ ವಯಸ್ಸು ದಾಟಿದೆ ನಿನಗೆ.

ಅಪ್ಪನ ಕೈ ಇದೆ ಎಂದು ಬರೆದಿದ್ದೀಯ. ಸರಿ.

ಒಂದೇ ಪ್ರಶ್ನೆ ಕೇಳುತ್ತೇನೆ. ಬಂದವರಿಗೆ ಅಪ್ಪನ ಬಗ್ಗೆ ಏನು ಹೇಳುತ್ತೀಯ?

ನನಗೆ ಈಚೆಗೆ ಅಪ್ಪನ ಹೆಣ ಹೊರಟದ್ದು ಪದೇಪದೇ ನೆನಪಾಗುತ್ತಿದೆ. ಯಾರ್ಯಾರ ಚಟ್ಟಕ್ಕೋ ಹೆಗಲು ಕೊಟ್ಟವನ ಅಂಗಳದಲ್ಲಿ ಒಬ್ಬ ಸೋದರನೂ ಇರಲಿಲ್ಲ. ಹೊತ್ತು ಏರುತ್ತಿತ್ತು. ಆಗ ಮರಳು ಹೊರುವ ಹೆಂಗಸರು ಬಂದರು. ತಲೆಯ ಸಿಂಬಿ ತೆಗೆದು ಹೆಗಲಿಗಿಟ್ಟುಕೊಂಡು ಎತ್ತಿದರು. ಮುಂದಿನ ಬಲಗಡೆ ಕಿಲಕಿಲಕ್ಕನ ಅತ್ತೆ. ಸೊಸೆಯನ್ನೂ ಮಗಳನ್ನೂ ಒಂದೇ ದಿನ ಬೆಂಕಿಗೆ ಕಳೆದುಕೊಂಡವಳು. "ನಮ್ಮ ಪರವಾಗಿ ಒಬ್ಬನಾದ್ರೂ ಬಾಯಿ ಬಿಟ್ನಲ್ಲ, ಇವನನ್ನ ಹೊರದೆ ಇನ್ಯಾರನ್ನ ಹೊರೋಣ" ಅಂದಳು. ನಾನು ಅವಳ ಪಕ್ಕದಲ್ಲೇ ನಡೆದೆ. ಆವತ್ತಿನ ಹಾಗೆ ತಲೆಯೆತ್ತಿಕೊಂಡು ನಾನು ಮತ್ತೆಂದೂ ನಡೆದಿಲ್ಲ.

ಉತ್ತರ ಬರೆ. ಕುಡಿಯದೆ ಬರೆ.

ಇಕ್ಕಳ


ಆಗಸ್ಟ್ 30

ತಂಗಿ,

ಕಳೆದ ಭಾನುವಾರ ಬಾಗಿಲು ತೆರೆದೆವು, ಎರಡೂ ಕದ. ಎರಡನೆಯದನ್ನು ತೆಗೆದದ್ದು ಯಾರಿಗೂ ನೆನಪಿರಲಿಲ್ಲ, ತಿರುಗಣಿ ಕಿರುಚಿತು. ಹೊರಗೆ ಬಣ್ಣದ ಫಲಕ: 'ಎಲ್ಲರಿಗೂ ಪ್ರವೇಶವಿದೆ, ಭಾನುವಾರ ಸಂಜೆ ಐದರವರೆಗೆ.' ತುಂಬ ಜನ ಬಂದರು. ಒಬ್ಬ ಮುದುಕಿ ಹೊಸಿಲಲ್ಲೇ ನಿಂತು "ನಾನೂ ಬರಬಹುದಾ? ನಿಜವಾಗ್ಲೂ?" ಎಂದು ಮತ್ತೆ ಮತ್ತೆ ಕೇಳಿದಳು. ನಾನೇ ಕೈಹಿಡಿದು ಕರೆದುಕೊಂಡೆ. ನೀನಿದ್ದಿದ್ದರೆ ಅನ್ನಿಸಿತು.

ಅಪ್ಪನ ಬಗ್ಗೆ ಗೌರವದಿಂದಲೇ ಹೇಳುತ್ತೇನೆ. ಕಾರ್ಯದರ್ಶಿ ಕಲಿಸಿಕೊಟ್ಟದ್ದಕ್ಕೆ ನನ್ನದೂ ಒಂದು ಮಾತು ಸೇರಿಸಿದ್ದೇನೆ.

ಹೆಣದ ವಿಷಯ ಬರೆದಿದ್ದೀಯ. ನಿನಗೆ ಅದು ಹೆಮ್ಮೆ. ನನಗೆ ಆವತ್ತು ನೆಲ ಬಾಯಿಬಿಟ್ಟು ನುಂಗಿದರೆ ಸಾಕು ಅನ್ನಿಸಿತ್ತು. ಇಡೀ ಬೀದಿ ಕಿಟಕಿಗಳಲ್ಲಿ ನಿಂತು ನೋಡುತ್ತಿತ್ತು. ಹೆಗಲು ಕೊಡಲು ಗಂಡಸರು ಗತಿಯಿಲ್ಲದ ಹೆಣ ಎಂದು ಯಾರೋ ನಕ್ಕರು. ನಾನು ಹೋಗುವಾಗ ಹೀಗಾಗಬಾರದು ಎಂದು ಅಲ್ಲೇ ನಿಶ್ಚಯಿಸಿದೆ. ನಾನು ಸಂಘ ಸೇರಿದ್ದು ಕೆಲಸಕ್ಕಾಗಿ ಎಂದು ನೀನು ತಿಳಿದಿದ್ದೀಯ. ನಾಲ್ಕು ಹೆಗಲಿಗಾಗಿ ಸೇರಿದೆ. ನಿನ್ನ ಅತ್ತಿಗೆ ಹೋದಾಗ ಕರೆಯದೆಯೇ ಬಂದರು, ಸುಮ್ಮನೆ ಎತ್ತಿದರು. ಮಕ್ಕಳಿಲ್ಲದವನಿಗೆ ಅದು ಸಣ್ಣ ವಿಷಯವಲ್ಲ.

ಕುಡಿತ ಬಿಡುತ್ತೇನೆ.

ಅಣ್ಣ


ಅಕ್ಟೋಬರ್ 9

ಅಣ್ಣ,

ಕಳೆದ ಭಾನುವಾರ ನಾನು ಬಂದಿದ್ದೆ. ನಿನಗೆ ತಿಳಿಸಲಿಲ್ಲ. ಸಾಲಿನಲ್ಲಿ ನಿಂತು ಎಲ್ಲರ ಹಾಗೇ ಒಳಗೆ ಬಂದೆ. ಬಸ್ಸಿನ ಧೂಳಿಗೆ ತಲೆಗೆ ಬಟ್ಟೆ ಸುತ್ತಿಕೊಂಡಿದ್ದೆ, ನಿಜ. ಆದರೂ ಒಡಹುಟ್ಟಿದವನು ಒಂದು ಕ್ಷಣ ಅನುಮಾನಿಸಬೇಕಿತ್ತು. ನೀನು ನೇರ ನನ್ನ ಮುಖ ನೋಡಿ, "ಬನ್ನಿ ತಾಯಿ, ಮುಂದೆ ಬನ್ನಿ, ಮುಟ್ಟಿ ನೋಡಿ, ಪರವಾಗಿಲ್ಲ" ಅಂದೆ. ಮುಟ್ಟಿದೆ. "ಇದು ನಮ್ಮ ತಂದೆಯವರ ಕೈ. ಕೊನೆಯುಸಿರಿನವರೆಗೂ ಸಂಘಕ್ಕೆ ನಿಷ್ಠರಾಗಿದ್ದರು" ಅಂದೆ. ಜನ ತಲೆದೂಗಿದರು. ಆ ನಿಷ್ಠೆಯ ಮಾತು ಕಾರ್ಯದರ್ಶಿಯದೋ, ನೀನು ಸೇರಿಸಿದ್ದೋ?

ಇನ್ನು ನನ್ನ ಕಡೆಯದನ್ನು ಹೇಳುತ್ತೇನೆ. ಅಮ್ಮ ಸಾಯುವ ಮೊದಲು ನನಗೆ ಎಲ್ಲ ಹೇಳಿದ್ದಳು. ಅಪ್ಪ ಅಧಿಕಾರಿಯ ಮುಂದೆ ಮಾತಾಡಿದ ದಿನವೇ ಅವನನ್ನು ಒಳಗೆ ಕರೆಸಿ, ಅವನೆದುರೇ ಅವನ ಕೈಯನ್ನು ಗೋಡೆಯಿಂದ ಇಳಿಸಿ, ದೊಡ್ಡ ಮೇಸ್ತ್ರಿ ಸುತ್ತಿಗೆಯಿಂದ ಒಡೆದು ಕುಲುಮೆಗೆ ಹಾಕಿದ. ಮೊಳೆಯನ್ನು ಮಾತ್ರ ಕೀಳಬಾರದು, ಅದು ಬರಿದಾಗಿಯೇ ಇರಬೇಕು, ಬಾಯಿಬಿಟ್ಟವನ ಗತಿ ಉಳಿದವರ ಕಣ್ಣಿಗೆ ದಿನವೂ ಕುಕ್ಕಬೇಕು. ಅದೂ ನಿಮ್ಮದೊಂದು ನಿಯಮ.

ನಾನು ಕೈ ನೋಡಲು ಬಂದವಳಲ್ಲ ಅಣ್ಣ. ಆ ಬರಿಯ ಮೊಳೆ ನೋಡಲು ಬಂದಿದ್ದೆ. ಅಪ್ಪ ನಿಜ ಹೇಳಿದ್ದಕ್ಕೆ ಇಡೀ ಊರಿನಲ್ಲಿ ಉಳಿದಿದ್ದ ಗುರುತು ಅದೊಂದೇ. ಅವರು ಅವಮಾನಕ್ಕೆಂದು ಉಳಿಸಿದ್ದು ನನಗೆ ಪದಕವಾಗಿತ್ತು. ಬಾಗಿಲು ತೆರೆಯುತ್ತದೆ ಎಂದು ನೀನು ಬರೆದಾಗ ನನಗೆ ಹೊಳೆದದ್ದು ಒಂದೇ. ಬಂದವರಲ್ಲಿ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ, "ಇದ್ಯಾಕೆ ಖಾಲಿ ಇದೆ?" ಅಂತ. ಆಗ ನನ್ನಣ್ಣ ಬಾಯಿ ತೆರೆಯಲೇಬೇಕು. ಐವತ್ತು ವರ್ಷದ ಮೇಲೆ ಆ ಇಬ್ಬರು ಹೆಂಗಸರ ಸುದ್ದಿ ಆ ಕೋಣೆಯಲ್ಲಿ ಕೇಳಿಸಬೇಕು. ಆ ಪ್ರಶ್ನೆಗೇ ಅವರು ಹೆದರಿದ್ದರು. ನೀನು ಹೋಗಿ ಆ ಮೊಳೆಗೆ ಹೊಸ ಕೈ ತೂಗುಹಾಕಿ ಪ್ರಶ್ನೆಯ ಬಾಯಿಗೇ ಕಬ್ಬಿಣ ಹುಯ್ದೆ. ಬೀಗ ಹಾಕಿದ ಕೋಣೆಯಲ್ಲಿ ಸತ್ಯ ಒಂದು ಮೊಳೆಯಾಗಿಯಾದರೂ ಬದುಕಿತ್ತು. ಎಲ್ಲರಿಗೂ ತೆರೆದ ಕೋಣೆಯಲ್ಲಿ ಅದೂ ಇಲ್ಲ.

ಮಣಿಕಟ್ಟಿನ ಹತ್ತಿರ ಬೆರಳಿಟ್ಟೆ. ತೂತುಗಳು, ಜೇನುಗೂಡಿನ ಹಾಗೆ. ನಾನೂ ಎರಕದವನ ಮಗಳು. ತೊಡೆಯ ಮೇಲೆ ಕೂರಿಸಿಕೊಂಡು, ಕೆಟ್ಟುಹೋದ ಎರಕದ ತುಂಡು ಕೈಗೆ ಕೊಟ್ಟು, ಅಪ್ಪ ಹೇಳಿದ್ದ: "ಮುಟ್ಟಿ ನೋಡು ಇಕ್ಕಳ. ಅಚ್ಚಲ್ಲಿ ತೇವ ಇದ್ರೆ ಗಾಳಿಗುಳ್ಳೆ ಏಳುತ್ತೆ. ಮನುಷ್ಯ ಮುಚ್ಚಿಟ್ರೂ ಕಬ್ಬಿಣ ಹೇಳ್ಬಿಡುತ್ತೆ." ಅಪ್ಪನ ಹೆಸರಿನ ಕೈಯನ್ನು ಹಸಿ ಅಚ್ಚಿನಲ್ಲಿ ಹುಯ್ದಿದ್ದೀಯ. ಅಪ್ಪನ ಹೆಸರಿನದನ್ನು. ಕಣ್ಣಿರಲಿಲ್ಲವೇ, ಅಥವಾ ಆವತ್ತೂ ಕುಡಿದಿದ್ದೆಯೋ?

ಹೊರಗೆ ಬಂದು ಎದುರಿನ ಅಂಗಡಿಯ ಕಟ್ಟೆಯಲ್ಲಿ ಐದು ಗಂಟೆಯವರೆಗೆ ಕೂತಿದ್ದೆ. ನೀನು ಬಾಗಿಲು ಹಾಕುವುದನ್ನು ನೋಡಿ ಬಸ್ಸು ಹತ್ತಿದೆ.

ನಿನ್ನ ಕೈ ಚೆನ್ನಾಗಿ ಬಂದಿದೆ. ಅಪ್ಪನದಲ್ಲ. ಇನ್ನು ಬರೆಯುವುದಿಲ್ಲ.

ತಂಗಿ


ಜನವರಿ 17

ಇಕ್ಕಳ,

ಈ ಕಾಗದದ ಅಕ್ಷರ ನೆಟ್ಟಗಿದೆ, ನೋಡು. ಪಕ್ಕದ ಮನೆಯ ದರ್ಜಿ ಬರೆಯುತ್ತಿದ್ದಾನೆ. ನಿನ್ನ ಕಾಗದವನ್ನು ಓದಿ ಹೇಳಿದವನೂ ಅವನೇ. ಮೊದಲಿನವನ್ನು ಬಿಸಿಲಿಗೆ ಹಿಡಿದು ಹೇಗೋ ಓದಿಕೊಳ್ಳುತ್ತಿದ್ದೆ, ಈಗ ಅದೂ ಆಗುವುದಿಲ್ಲ. ಕುಲುಮೆಯ ಬೆಂಕಿ ನೋಡಿ ನೋಡಿ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಯಿತು. ನಾನು ಕುಡಿಯುವುದಿಲ್ಲ. ಕುಡುಕ ಎಂದುಕೊಂಡರೆ ನಿನಗೆ ಸಿಟ್ಟು ಬರುತ್ತದೆ, ಕುರುಡ ಎಂದು ತಿಳಿದರೆ ಸಂಕಟವಾಗುತ್ತದೆ. ಸಿಟ್ಟೇ ಇರಲಿ, ಅದು ನಿನಗೆ ಅಭ್ಯಾಸ ಎಂದು ಸುಮ್ಮನಿದ್ದೆ. ನೀನು ಎದುರು ನಿಂತಾಗ ನನಗೆ ಕಂಡದ್ದು ಒಂದು ಎತ್ತರದ ನೆರಳು. ದನಿ ಕೇಳಿದ್ದರೆ ಗುರುತು ಹಿಡಿಯುತ್ತಿದ್ದೆ. ನೀನು ಮಾತಾಡಲಿಲ್ಲ.

ಶೆಡ್ಡಿನಲ್ಲಿ ಮರಳಿಗೆ ಕೈಯೊತ್ತಿದ್ದು ನಾನೇ. ಒಣಗಿದೆಯೋ ಇಲ್ಲವೋ ಎಂದು ಬೆರಳಿಗೆ ತಿಳಿಯಬೇಕಿತ್ತು, ಬೆರಳಿಗೂ ವಯಸ್ಸಾಗಿದೆ. ನಿನಗೆ ಆ ಬರಿಯ ಮೊಳೆ ಕಾಣಬಾರದು, ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಹೆದರಿ ಹೆದರಿ ಕಾರ್ಯದರ್ಶಿಯನ್ನು ಕೇಳಿದರೆ, "ಒಳ್ಳೇ ಯೋಚನೆ ಅಜ್ಜ, ಬೇಗ ಮಾಡಿ" ಅಂದ. ಅಷ್ಟು ಸಲೀಸಾಗಿ ಯಾಕೆ ಒಪ್ಪಿದ ಎಂದು ನನಗೆ ಹೊಳೆಯಲಿಲ್ಲ. ನಿನ್ನ ಕಾಗದ ಬಂದ ಮೇಲೆ ಹೊಳೆಯಿತು.

ನವೆಂಬರಿನ ಒಂದು ಭಾನುವಾರ ಒಬ್ಬಳು ಶಾಲಾ ಟೀಚರು ಬಂದಿದ್ದಳು. ಮಣಿಕಟ್ಟಿಗೆ ಬೆರಳಿಟ್ಟು, "ಅಜ್ಜ, ಈ ಕೈಗೆ ಮಾತ್ರ ಯಾಕೆ ತೂತು?" ಅಂದಳು. ನನ್ನ ಬಾಯಿಂದ ತಾನಾಗಿಯೇ ಬಂತು. "ಅಚ್ಚು ಹಸಿಯಿತ್ತು." ಆಮೇಲೆ ನಿಲ್ಲಿಸಲಾಗಲಿಲ್ಲ. ಇದು ನನ್ನ ಕೈ, ಅಪ್ಪನದನ್ನು ಒಡೆದರು, ಇಲ್ಲೊಂದು ಬರಿಯ ಮೊಳೆಯಿತ್ತು ಎಂದೆ. ಗುಂಡಿ ಸಿಡಿದದ್ದು, ಕಿಲಕಿಲಕ್ಕ, ಅವಳ ನಾದಿನಿ, ಎಲ್ಲ ಹೇಳಿದೆ. ಕಾರ್ಯದರ್ಶಿ ಬಂದು ಹೆಗಲ ಮೇಲೆ ಕೈಯಿಟ್ಟ. "ಅಜ್ಜ, ಕೂತ್ಕೊಳ್ಳಿ, ನೀರು ಕುಡೀರಿ." ಜನರ ಕಡೆ ತಿರುಗಿ, "ವಯಸ್ಸಾಗಿದೆ, ತಪ್ಪು ತಿಳೀಬೇಡಿ" ಅಂದ. ನಗುತ್ತಲೇ ಅಂದ. "ವಯಸ್ಸಾಗಿದೆ, ಮರೆವಾಗಿಲ್ಲ" ಅಂದೆ. ಕೈಯನ್ನು ಮೊಳೆಯಿಂದ ಇಳಿಸಿ ಎದೆಗವಚಿಕೊಂಡು ಮನೆಗೆ ಬಂದೆ.

ಮುಂದಿನ ಸಭೆಯಲ್ಲಿ ನನ್ನನ್ನು ತೆಗೆದರು. ಗೋಡೆಯ ಮೇಲಿದ್ದ ನನ್ನ ನಿಜವಾದ ಕೈಯನ್ನು ಒಡೆದರು. ನನಗೆ ಕಾಣಲಿಲ್ಲ, ಸದ್ದು ಕೇಳಿತು. ಒಡೆದವನು ಶೆಡ್ಡಿನ ಗೆಳೆಯ. ಅವನ ಸುತ್ತಿಗೆ ಎರಡು ಸಲ ಗುರಿ ತಪ್ಪಿತು. ಈ ಸಲ ಮೊಳೆಗಳನ್ನು ಬಿಡಲಿಲ್ಲ. ಅಪ್ಪನದನ್ನೂ ನನ್ನದನ್ನೂ ಕಿತ್ತು, ಗಾರೆ ಮೆತ್ತಿ, ಮೇಲೆ ಕಾರ್ಖಾನೆಯ ಹಳೆಯ ಫೋಟೋ ದೊಡ್ಡದು ಮಾಡಿಸಿ ಹಾಕಿದ್ದಾರಂತೆ. ಗಂಡಸರು ಸಾಲಾಗಿ ನಿಂತಿರುವ ಫೋಟೋ. ಬಲತುದಿಯಲ್ಲಿ ಮರಳಿನ ಬುಟ್ಟಿ ಹಿಡಿದ ಹೆಂಗಸರಿದ್ದರು, ನನಗೆ ನೆನಪಿದೆ. ದರ್ಜಿ ಹೋಗಿ ನೋಡಿಬಂದ. ಬುಟ್ಟಿಯ ಒಂದು ಅಂಚು ಮಾತ್ರ ಇದೆ ಅಂದ.

ಅಪ್ಪ ಎದ್ದು ನಿಂತ ಕೂಡಲೇ ಆಡಿದ ಮಾತು. ಅದು ನನ್ನ ಬಾಯಿಗೆ ಬರಲು ಒಂದು ಆಯಸ್ಸು ಹಿಡಿಯಿತು. ನಾಲ್ಕು ಹೆಗಲು ಹೋದವು. ದೂರುತ್ತಿಲ್ಲ, ಇರುವುದನ್ನು ಹೇಳಿದೆ. ಕೆಮ್ಮಿದರೆ ಈಗ ಬಟ್ಟೆ ಕೆಂಪಾಗುತ್ತದೆ. ಎದೆಯಲ್ಲಿ ಮರಳು ಕೂತಿದೆ ಎಂದರು ಡಾಕ್ಟರು. ಆ ಹೆಂಗಸರು ಹೊತ್ತು ತಂದ ಮರಳೇ ಇರಬೇಕು.

ತೂತುಬಿದ್ದ ಕೈ ನನ್ನ ಮಂಚದ ಕೆಳಗಿದೆ. ಏನು ಮಾಡಲಿ ಅದನ್ನು?

ಅಣ್ಣ


ಫೆಬ್ರವರಿ 2

ಅಣ್ಣಾ,

ಮೊದಲು ದರ್ಜಿಯಣ್ಣನಿಗೆ: ಈ ಕಾಗದವನ್ನು ಅವನಿಗೆ ನಿಧಾನವಾಗಿ ಓದಿ. ನಾನು ಬೈದಿರುವ ಕಡೆ ಜೋರಾಗಿ ಓದಿ.

ಮುಟ್ಠಾಳ. ಕುರುಡಾಗಿದ್ದೀನಿ ಅನ್ನುವುದಕ್ಕೆ ಆಸ್ಪತ್ರೆಯಲ್ಲಿ ಕೆಲಸ ಮಾಡುವ ತಂಗಿಗಿಂತ ಯಾರು ಬೇಕಿತ್ತು ನಿನಗೆ? ನಾನು ಕಣ್ಣಿರಲಿಲ್ಲವೇ ಎಂದು ಬರೆದೆನಲ್ಲ, ಆ ಸಾಲನ್ನು ನಿನಗೆ ಬೇರೆಯವರು ಓದಿ ಹೇಳಿದರಲ್ಲ. ಬಾಯಿಬಡುಕಿ ಎನ್ನಿಸಿಕೊಂಡವಳು ಆವತ್ತೊಂದು ದಿನ ಬಾಯಿ ಮುಚ್ಚಿಕೊಂಡೆ. ಒಂದು ಮಾತು ಆಡಿದ್ದರೆ ಸಾಕಿತ್ತು.

ಮಾರ್ಚ್ ಕೊನೆಗೆ ರಜೆ ಸಿಗುತ್ತದೆ. ಬಂದು ಕರೆದುಕೊಂಡು ಬರುತ್ತೇನೆ. ಕಣ್ಣಿನ ಡಾಕ್ಟರನ್ನು ಕೇಳಿದ್ದೇನೆ. ಪೊರೆ ತೆಗೆಯುವುದು ಈಗ ದೊಡ್ಡ ವಿಷಯವಲ್ಲವಂತೆ. ಎದೆಯ ಡಾಕ್ಟರನ್ನೂ ಕೇಳಿದ್ದೇನೆ. ಅದನ್ನು ಎದುರಿಗೇ ಮಾತಾಡೋಣ.

ಹೆಗಲಿನ ಚಿಂತೆ ಬಿಡು. ಇಲ್ಲಿ ದಿನಾ ಯಂತ್ರದಿಂದ ಒದ್ದೆ ಚಾದರ ಎತ್ತಿ ಎತ್ತಿ ನಮ್ಮ ಹೆಗಲು ಕಂಬದ ಹಾಗಾಗಿವೆ. ಒದ್ದೆ ಬಟ್ಟೆಯ ತೂಕದ ಮುಂದೆ ನೀನು ಯಾವ ಲೆಕ್ಕ? ನನ್ನ ಪಾಳಿಯವರಿಗೆ ನಿನ್ನ ಕಾಗದ ಓದಿ ಹೇಳಿದೆ. ನಾಲ್ವರೂ ಬರುತ್ತೇವೆ ಎಂದರು. ಆದರೆ ಒಟ್ಟಿಗೆ ಐವರಿಗೆ ರಜೆ ಕೊಡುವುದಿಲ್ಲ, ಆದ್ದರಿಂದ ಸದ್ಯಕ್ಕೆ ಸಾಯಬೇಡ.

ಆ ಕೈಯನ್ನು ಎಸೆಯಬೇಡ. ನನಗೆ ಬೇಕು.

ನಿನ್ನ ಇಕ್ಕಳ


ಮಾರ್ಚ್ 22
ಎರಕದವರ ಸೋದರ ಸಂಘದ ವಿಳಾಸಕ್ಕೆ

ಅಣ್ಣಾ,

ರಜೆ ಸಿಗುವವರೆಗೂ ಕಾಯಲಿಲ್ಲ ನೀನು. ದರ್ಜಿ ಫೋನು ಮಾಡಿದಾಗ ನಾನು ಹಿಂಡುವ ಯಂತ್ರದ ಮುಂದಿದ್ದೆ. ಮೇಲ್ವಿಚಾರಕ "ಐದು ಜನ ಒಟ್ಟಿಗೆ ಹೋದ್ರೆ ಬಟ್ಟೆ ಯಾರು ತೊಳೀತಾರೆ?" ಎಂದ. ನಮ್ಮ ಗುಂಪಿನ ಹಿರಿಯಳು, "ನೀವೇ" ಅಂದಳು. ಬಂದೆವು.

ಅಂಗಳದಲ್ಲಿ ನಾವು ಐವರು, ದರ್ಜಿ, ಅವನ ಹೆಂಡತಿ. ಇನ್ನೊಬ್ಬಳು ಹೆಂಗಸು ಗೋಡೆಗೊರಗಿ ನಿಂತಿದ್ದಳು, ನನಗಿಂತ ನಾಲ್ಕಾರು ವರ್ಷ ದೊಡ್ಡವಳು. ಯಾರೆಂದು ಕೇಳಿದೆ. ಕಿಲಕಿಲಕ್ಕನ ಮಗಳು. ಆ ಟೀಚರಮ್ಮನ ಬಾಯಿಂದ ಊರಿಗೆ ಹಬ್ಬಿದ ಸುದ್ದಿ ಅವಳ ಮನೆಗೂ ಮುಟ್ಟಿತ್ತಂತೆ. "ನಮ್ಮಮ್ಮಂದೇ ತಪ್ಪು ಅಂತ ಕೇಳ್ಕೊಂಡೇ ಬೆಳೆದೋಳು ನಾನು" ಎಂದಳು. "ನಿಮ್ಮಣ್ಣ ಹೇಳಿದ್ರಂತಲ್ಲ." ಅಷ್ಟೇ ಅಂದಳು. ಮುಂದಿನ ಬಲಗಡೆ ಅವಳೇ ನಿಂತಳು, ಅವಳ ಅಜ್ಜಿ ನಮ್ಮ ಅಪ್ಪನಿಗೆ ಹೆಗಲು ಕೊಟ್ಟ ಜಾಗದಲ್ಲಿ. ಬೀದಿ ಕಿಟಕಿಗಳಲ್ಲಿ ನಿಂತು ನೋಡಿತು. ಯಾರೂ ನಗಲಿಲ್ಲ.

ಆವತ್ತು ಭಾನುವಾರ. ಸಂಘದ ಎರಡೂ ಕದ ತೆರೆದಿದ್ದವು. ಫಲಕದ ಕೆಳಗೇ ನಿನ್ನನ್ನು ಇಳಿಸಿದೆವು. ಕಾರ್ಯದರ್ಶಿ ಓಡಿ ಬಂದ. "ಅಕ್ಕ, ಇಲ್ಲಿ ಬೇಡ, ಒಳಗೆ ಜನ ಇದ್ದಾರೆ."

"ಜನ ಇರೋದಕ್ಕೇ ಇಳಿಸಿದ್ದೀವಿ," ಎಂದೆ.

"ಇದು ಸರಿಯಲ್ಲ."

"ಎಲ್ಲರಿಗೂ ಪ್ರವೇಶ ಇದೆ ಅಂತ ಬರೆಸಿದ್ದೀರಿ. ಇನ್ನೂ ಐದಾಗಿಲ್ಲ."

ಅವನ ನಗು ಮೊದಲ ಸಲ ನಿಂತಿತು. ಕಿಲಕಿಲಕ್ಕನ ಮಗಳು ಯಾರನ್ನೂ ಕೇಳದೆ ಹೊಸಿಲು ದಾಟಿದಳು. ಚಟ್ಟದಲ್ಲಿ ನಿನ್ನ ಪಕ್ಕ ಇಟ್ಟು ತಂದಿದ್ದ ತೂತುಬಿದ್ದ ಕೈ ಅವಳ ಕೈಯಲ್ಲಿತ್ತು. ಆ ದೊಡ್ಡ ಫೋಟೋದ ಕೆಳಗೆ ಮೇಜಿನ ಮೇಲೆ ಇಟ್ಟಳು, ಬುಟ್ಟಿಯ ಅಂಚು ಕಾಣುವ ಕಡೆ. ಬಂದಿದ್ದವರಲ್ಲಿ ಒಬ್ಬರು ಕೇಳಿದರು, "ಯಾರದಮ್ಮ ಈ ಕೈ?" ನಾನು ಹೇಳಿದೆ. ಆತುರಪಡದೆ, ಮೊದಲಿನಿಂದ ಕೊನೆಯವರೆಗೆ ಹೇಳಿದೆ. ನಿನ್ನ ಸೋದರರು ಒಳಕೋಣೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಶೆಡ್ಡಿನ ಗೆಳೆಯನೂ ಇದ್ದ, ಕತ್ತು ಬಗ್ಗಿಸಿಕೊಂಡು. ಹೆಗಲು ಕೊಡಲು ಒಬ್ಬರೂ ಇಳಿದು ಬರಲಿಲ್ಲ. ಅಲ್ಲಿ ಇದ್ದದ್ದನ್ನೇ ಬರೆಯುತ್ತಿದ್ದೇನೆ. ನಾವು ಹೋದ ಮೇಲೆ ಆ ಕೈಯನ್ನು ಅವರು ಎಲ್ಲಿಗೆ ಎಸೆದರೋ ತಿಳಿಯದು.

ನಿನಗೆ ತೂಕವೇ ಇರಲಿಲ್ಲ ಅಣ್ಣ. ಒದ್ದೆ ಚಾದರದಷ್ಟೂ ಇರಲಿಲ್ಲ. ಎತ್ತಿದಾಗ ನಮ್ಮ ಹೆಗಲುಗಳು ಒಮ್ಮೆಗೇ ಮೇಲಕ್ಕೆ ಹೋದವು, ಅಷ್ಟು ಹಗುರ. ನನ್ನ ದನಿ ಕೇಳಿದ್ದರೆ ಗುರುತು ಹಿಡಿಯುತ್ತಿದ್ದೆ ಎಂದಿದ್ದೆಯಲ್ಲ, ದಾರಿಯುದ್ದಕ್ಕೂ ಮಾತಾಡುತ್ತಲೇ ಬಂದೆ.

ಈ ಕಾಗದ ನಿನಗೆ ಮುಟ್ಟುವುದಿಲ್ಲ. ಅದಕ್ಕೇ ಮನೆಯ ವಿಳಾಸ ಬರೆಯಲಿಲ್ಲ. ಇಲ್ಲಿಗೆ ಬಂದದ್ದು ಯಾರ ಹೆಸರಿಗಿದ್ದರೂ ಒಡೆದು ಗಟ್ಟಿಯಾಗಿ ಓದಬೇಕು ಎಂದು ನೀನೇ ಹೇಳಿದ್ದೆ. ಕಾರ್ಯದರ್ಶಿಯವರೇ, ನಿಯಮ ನಿಮ್ಮದು. ಇಲ್ಲಿಯವರೆಗೆ ಓದಿದ್ದೀರಿ ಎಂದುಕೊಂಡಿದ್ದೇನೆ. ಇನ್ನೊಂದೇ ಸಾಲು ಬಾಕಿ, ದನಿ ಇಳಿಸಬೇಡಿ.

ಅಚ್ಚು ಹಸಿಯಿತ್ತು.

ಹಿಂದೆ ಕೂತವರಿಗೆ ಕೇಳಿಸಿರಲಿಕ್ಕಿಲ್ಲ. ಇನ್ನೊಮ್ಮೆ ಓದಿ.

ಇಕ್ಕಳ